ಹೆತ್ತೆಯ ಸೊಂಟದಲ್ಲಿದ್ದ ಫ್ಯೂಸು

ಅವರು ತಲೆಗೆ ಕಟ್ಟುತ್ತಿದ್ದ ಬಿಳಿ ಬಟ್ಟೆಯ ಮೇಲೆ, ಬಲಗಿವಿಯ ಹತ್ತಿರ, ಹೆಬ್ಬೆರಳಗಲದ ಒಂದು ಅರಿಶಿನದ ಕಲೆ ಇರುತ್ತಿತ್ತು. ಸಾರು ಕುದಿಯುವಾಗ ಉಗಿಗೆ ಬಟ್ಟೆ ಜಾರುತ್ತದೆ, ಅವರು ಅಡುಗೆಯ ಕೈಯಲ್ಲೇ ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಭಾನುವಾರ ಎಷ್ಟೇ ಉಜ್ಜಿ ಒಗೆದಿರಲಿ, ಸೋಮವಾರ ಹತ್ತು ಗಂಟೆಯೊಳಗೆ ಕಲೆ ತನ್ನ ಜಾಗಕ್ಕೆ ಬಂದು ಕೂತಿರುತ್ತಿತ್ತು. ನಮ್ಮ ಶಾಲೆಯ ಮಕ್ಕಳು ಅದು ಹಸಿಯೋ ಒಣಗಿದ್ದೋ ನೋಡಿಯೇ ಇವತ್ತು ಸಾರೋ ಬರೀ ಮೊಸರನ್ನವೋ ಎಂದು ಹೇಳುತ್ತಿದ್ದರು.

ಮಂಜೂರಿನಿಂದ ಮೇಲಕ್ಕೆ, ಬಸ್ಸು ತಿರುಗಿ ನಿಲ್ಲುವ ಕೊನೆಯ ಹಟ್ಟಿಯಲ್ಲಿ ಆ ಶಾಲೆ. ಅವರು ಅಲ್ಲಿ ಮಧ್ಯಾಹ್ನದ ಊಟ ಬೇಯಿಸುವವರು. ಈ ಬೆಟ್ಟಸೀಮೆಯ ನಮ್ಮ ಬಡಗರಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತೇವೆ. ಮಕ್ಕಳಿಗೆ, ಹೆಡ್‌ಮಾಸ್ಟರಿಗೆ, ಬಸ್ಸಿನ ಕಂಡಕ್ಟರಿಗೆ, ಎಲ್ಲರಿಗೂ ಅವರು ಹೆತ್ತೆಯೇ. ನಾನು ವಿಜ್ಞಾನದ ಟೀಚರಾಗಿ ಹೋದದ್ದು ಟೆಂಪರರಿ ಕೆಲಸಕ್ಕೆ. ಮೊದಲ ದಿನವೇ ನನ್ನ ತಟ್ಟೆಗೆ ಎರಡನೆಯ ಸೌಟು ಅನ್ನ ಸುರಿದು, ‘ತಿನ್ನು. ಗಾಳಿಗೆ ಹಾರಿ ಹೋದರೆ ಮಕ್ಕಗೆ ಯಾರು ಪಾಠ ಹೇಳುವರು’ ಎಂದಿದ್ದರು.

ಶಾಲೆಯಲ್ಲಿದ್ದದ್ದು ಹತ್ತೊಂಬತ್ತು ಮಕ್ಕಳು. ಇಷ್ಟು ಕಡಿಮೆಯಾದರೆ ಬಾಗಿಲು ಹಾಕಿ ಮಕ್ಕಳನ್ನು ಮಂಜೂರಿಗೆ ಕಳಿಸುತ್ತಾರೆ ಎಂಬ ಮಾತು ಎದ್ದಿತ್ತು. ಜನವರಿಯಲ್ಲಿ ಮೇಲಿನ ಆಫೀಸರ್ ಬಂದು ನೋಡಿ ತೀರ್ಮಾನಿಸುವುದಿತ್ತು. ‘ಏನಾದರೂ ತೋರಿಸಬೇಕಮ್ಮಾ, ಕಣ್ಣಿಗೆ ಕಾಣುವಂಥದ್ದು’ ಎಂದು ಹೆಡ್‌ಮಾಸ್ಟರ್ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಹಾಗೆ ಹುಟ್ಟಿದ್ದು ನಮ್ಮ ಚಂದ್ರ ಕಾಲೊನಿ. ಬಿದಿರಿನ ಚೌಕಟ್ಟು, ಅದಕ್ಕೆ ಟೀ ನರ್ಸರಿಯಿಂದ ಬೇಡಿ ತಂದ ಪ್ಲಾಸ್ಟಿಕ್ ಹಾಳೆ, ಒಳಗೆ ಟ್ರೇಗಳಲ್ಲಿ ಅವರೆ ಸಸಿ. ಮನುಷ್ಯರು ಚಂದ್ರನ ಮೇಲೆ ಊರು ಕಟ್ಟಿದರೆ ಹೇಗೆ ಬೆಳೆದು ತಿನ್ನುತ್ತಾರೆ ಎಂಬುದು ವಿಷಯ. ಅಳೆದ ನೀರು, ಬರೆದಿಟ್ಟ ಉಷ್ಣತೆ, ಕಾಲು ತೊಳೆಯದೆ ಒಳಗೆ ಪ್ರವೇಶವಿಲ್ಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕಮಾಂಡರ್.

ಕಾಲೊನಿಯ ಬಾಳು ಕಷ್ಟದ್ದೇ ಆಗಿತ್ತು. ಮೊದಲ ಬಿತ್ತನೆ ಕೊಳೆಯಿತು, ಎರಡನೆಯದನ್ನು ಹುಳು ತಿಂದಿತು. ಕಮಾಂಡರ್ ಕಣ್ಣೀರು ಹಾಕಿದಳು. ಇಷ್ಟು ಸಾಲದು ಎಂಬಂತೆ ಅದು ನಿಂತದ್ದು ಹೆತ್ತೆ ಕೊತ್ತಂಬರಿ ಬೆಳೆಯುತ್ತಿದ್ದ ಮಡಿಯ ಮೇಲೆ. ದಿನಾ ಪಾತ್ರೆ ತೊಳೆಯುತ್ತ ಅವರು ನಮಗೆ ಕೇಳುವಂತೆಯೇ ಗೊಣಗುತ್ತಿದ್ದರು: ‘ಭೂಮಿಲಿ ಒಂದು ಅವರೆ ಎಬ್ಬಿಸಾಕೆ ಆಗದವರು ಚಂದ್ರಂಗೆ ಹೋಪರಂತೆ.’

ಮೂರನೆಯ ಬಿತ್ತನೆ ಮೇಲೆದ್ದಿತು. ಆದರೆ ಅದು ಹಿಮ ಬೀಳುವ ತಿಂಗಳು. ಬೆಳಗಿನ ಜಾವ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗುವ ಊರು. ಸಸಿಗಳಿಗೆ ಬೆಚ್ಚಗಿರಲಿ ಎಂದು ಎಂಟು ದೊಡ್ಡ ಬಲ್ಬು ತೂಗುಹಾಕಿದೆ. ವಯರ್‌ಗೆ ಎಲ್ಲಿಗೆ ಹೋಗುವುದು? ಹಟ್ಟಿಯ ಹಬ್ಬಕ್ಕೆ ಸೀರಿಯಲ್ ಲೈಟು ಕಟ್ಟಿ ಮಿಕ್ಕ ಸುರುಳಿ ಶಾಲೆಯ ಅಟ್ಟದಲ್ಲಿ ಬಿದ್ದಿತ್ತು, ಅದನ್ನೇ ಎಳೆದೆ. ಎರಡು ಸಲ ಫ್ಯೂಸ್ ಹೋಯಿತು. ಮೂರನೆಯ ಸಲ ನಾನೇ ದಪ್ಪ ತಂತಿ ಸುತ್ತಿ ಕೂರಿಸಿದೆ. ಆಮೇಲೆ ಅದು ಹೋಗಲಿಲ್ಲ. ವಿಜ್ಞಾನ ಓದಿದವಳು ನಾನು, ನೆನಪಿರಲಿ. ಹೆಡ್‌ಮಾಸ್ಟರ್ ನನ್ನ ಮಿತವ್ಯಯವನ್ನು ಮಕ್ಕಳೆದುರು ಹೊಗಳಿದರು.

ಆಫೀಸರ್ ಬರುವುದು ಶುಕ್ರವಾರ ಮೂರು ಗಂಟೆಗೆ. ಗುರುವಾರ ಸಂಜೆ ಬಲ್ಬು ಹಾಕಿ ನಾಲ್ಕೂವರೆಯ ಬಸ್ಸು ಹತ್ತಿದೆ. ಶುಕ್ರವಾರ ಬೆಳಿಗ್ಗೆ ಇಳಿಯುತ್ತಿದ್ದಂತೆ ಕಮಾಂಡರ್ ಓಡಿ ಬಂದಳು.

‘ಟೀಚರ್, ಕಾಲೊನೀಲಿ ಕರೆಂಟ್ ಇಲ್ಲೆ.’

‘ಊರಲ್ಲೆಲ್ಲ ಹೋಗಿದೆಯಾ?’

‘ಇಲ್ಲೆ ಟೀಚರ್. ಎಲ್ಲಾ ಮನೇಲೂ ಇದ್ದು. ಆಫೀಸ್ ರೂಮಲ್ಲೂ ಇದ್ದು. ನಮ್ಮ ಕಾಲೊನೀಲಿ ಮಾತ್ರ ಇಲ್ಲೆ.’

ಅಡುಗೆಮನೆಯ ಜಗಲಿಯ ಬೋರ್ಡು ನೋಡಿದೆ. ಒಂದು ಫ್ಯೂಸ್ ಜಾಗ ಬಾಯಿ ತೆರೆದುಕೊಂಡಿತ್ತು. ಸುಟ್ಟುಹೋದದ್ದಲ್ಲ, ಯಾರೋ ಕೈಯಿಟ್ಟು ಕಿತ್ತುಕೊಂಡದ್ದು. ಕಾಲೊನಿಯೊಳಗೆ ಟ್ರೇಗಳ ಮೇಲೆಲ್ಲ ಜರಿಗಿಡದ ಸೊಪ್ಪು ಹೊದಿಸಿತ್ತು, ಅದರ ಮೇಲೆ ಅಕ್ಕಿಚೀಲ. ಹಿಮದ ಕಾಲಕ್ಕೆ ಎಳೆಯ ಟೀ ಗಿಡಕ್ಕೆ ನಮ್ಮವರು ಹೊದಿಸುವುದು ಹಾಗೆಯೇ. ಎತ್ತಿ ನೋಡಿದರೆ ಸಸಿಗಳು ಬದುಕಿದ್ದವು. ಆದರೆ ಕೋಪ ಬಂದವಳ ಕಣ್ಣಿಗೆ ಅದು ಬೇರೆಯದೇ ಆಗಿ ಕಂಡಿತು. ಮಾಡುವುದನ್ನು ಮಾಡಿ, ಹೆದರಿ, ಆಮೇಲೆ ಮುಚ್ಚಿಟ್ಟಿದ್ದಾರೆ ಅಂದುಕೊಂಡೆ.

ಹೆತ್ತೆ ಒಲೆಯ ಮುಂದೆ ಬೇಳೆ ಆರಿಸುತ್ತಿದ್ದರು. ಅರಿಶಿನದ ಕಲೆಯ ಪಕ್ಕದಲ್ಲಿ ಆ ದಿನ ಒಂದು ಕಪ್ಪು ಗೀರೂ ಇತ್ತು. ಕಂಡೆ, ಗಮನ ಕೊಡಲಿಲ್ಲ. ನನ್ನ ಬೆನ್ನ ಹಿಂದೆ ಮಕ್ಕಳೆಲ್ಲ ಬಂದು ನಿಂತಿದ್ದರು.

‘ಹೆತ್ತೆ, ಫ್ಯೂಸ್ ತೆಗೆದದ್ದು ಯಾರು?’

‘ನಾನೇ ತೆಗದೆ.’

‘ಏಕೆ?’

ಅವರು ನನ್ನನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿದರು. ‘ಗಿಡಕ್ಕೂ ನಿದ್ದೆ ಬೇಕಲ್ಲ. ಇಡೀ ರಾತ್ರಿ ಮೊಕದ ಮೇಲೆ ದೀಪ ಇಟ್ಟರೆ ನೀ ಒರಗುವೆಯಾ?’

‘ಕೊಡಿ ಇಲ್ಲಿ.’

‘ಈಗ ಕೊಡೆ.’ ಸೊಂಟಕ್ಕೆ ಸುತ್ತಿದ ಬಟ್ಟೆಯ ಗಂಟನ್ನು ಮುಟ್ಟಿ ನೋಡಿಕೊಂಡು ಮತ್ತೆ ಬೇಳೆಗೆ ಕೈ ಹಾಕಿದರು.

ನೇರ ಆಫೀಸ್ ರೂಮಿಗೆ ಹೋದೆ. ಕೊತ್ತಂಬರಿ ಮಡಿಯ ಸಿಟ್ಟನ್ನು ಇಷ್ಟು ದಿನ ಇಟ್ಟುಕೊಂಡು, ಸರಿಯಾದ ದಿನ ನೋಡಿ ತೀರಿಸಿಕೊಂಡರು ಎಂದು ಹೆಡ್‌ಮಾಸ್ಟರ್ ಹತ್ತಿರ ಕೂಗಾಡಿದೆ. ‘ಬರೆದು ಕೊಡಿ, ಆಫೀಸರ್‌ಗೇ ಕೊಟ್ಟುಬಿಡೋಣ’ ಎಂದರು ಅವರು. ಬಿಳಿ ಹಾಳೆ ಮುಗಿದಿತ್ತು. ಚಾರ್ಟಿನಿಂದ ಕತ್ತರಿಸಿದ ದಪ್ಪ ಕಾಗದದ ಮೇಲೆ ಆಫೀಸಿನ ಭಾಷೆಯಾದ ತಮಿಳಿನಲ್ಲಿ ಬರೆದೆ: ಅಡುಗೆಯವರು ಬೇಕೆಂತಲೇ ವಿದ್ಯುತ್ ಕಡಿದು ಮಕ್ಕಳ ಶ್ರಮ ಹಾಳು ಮಾಡಿದ್ದಾರೆ, ಇವರನ್ನು ಕೆಲಸದಿಂದ ತೆಗೆಯಬೇಕು. ಸಹಿಯ ಕೆಳಗೆ ಎರಡು ಗೆರೆ ಎಳೆದೆ.

ಹನ್ನೆರಡರ ಬಸ್ಸಿಗೆ ವೈರ್‌ಮನ್ ಬಂದಿಳಿದರು.

‘ನಿಮ್ಮನ್ನು ಯಾರು ಕರೆದದ್ದು?’ ಎಂದೆ.

‘ಹೆತ್ತೆ. ನಿನ್ನೆ ಸಾಯಂಕಾಲ ಕಡೇ ಬಸ್ಸಲ್ಲಿ ಕಂಡಕ್ಟರ್ ಹತ್ರ ಹೇಳಿ ಕಳಿಸಿದ್ರು. ಅರ್ಜೆಂಟ್ ಅಂತ.’

ಅವರು ಕಾಲೊನಿಯೊಳಗೆ ಬಗ್ಗಿ, ಮೂಲೆಗೆ ಒತ್ತಿಟ್ಟಿದ್ದ ಗೋಣಿ ಸರಿಸಿ, ನಾನು ಟೇಪು ಸುತ್ತಿದ್ದ ಕಡೆ ಕೈಯಿಟ್ಟರು. ಟೇಪು ಕರಗಿ ಬಿದಿರಿಗೆ ಅಂಟಿತ್ತು. ಬಿದಿರು ಗೇಣುದ್ದ ಕರಿಯಾಗಿತ್ತು. ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಅಂಗೈಯಗಲದ ತೂತು.

‘ಈ ಜಾಯಿಂಟ್ ಯಾರು ಟೀಚರ್ ಕೊಟ್ಟದ್ದು? ಇದು ಸೀರಿಯಲ್ ಸೆಟ್ ಹಾಕೋ ವಯರು. ಇದರ ತಲೆ ಮೇಲೆ ಎಂಟು ಬಲ್ಬಾ?’ ಆಚೆ ಒರಗಿದ್ದ ಸೌದೆ ರಾಶಿಯನ್ನೂ ಅಡುಗೆಮನೆಯ ಗ್ಯಾಸಿನ ಗೂಡನ್ನೂ ನೋಡಿದರು. ‘ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ…’ ಎಂದವರು ಮಕ್ಕಳಿದ್ದಾರೆಂದು ಮಾತು ನಿಲ್ಲಿಸಿದರು.

ಆ ಕಪ್ಪು ಗೀರು ಆಗ ನೆನಪಾಯಿತು. ಅಡುಗೆಮನೆಗೆ ಹೋದೆ. ಮಕ್ಕಳು ಊಟಕ್ಕೆ ಕೈ ತೊಳೆಯಲು ಹೋಗಿದ್ದರು. ಹೆತ್ತೆ ಸಾರು ತಿರುಗಿಸುತ್ತಿದ್ದರು.

‘ಬಂದನಾ ಅವ?’ ಎಂದರು. ಗಂಟು ಬಿಚ್ಚಿ ಫ್ಯೂಸನ್ನು ಕಟ್ಟೆಯ ಮೇಲೆ ಇಟ್ಟರು. ‘ಅವನ ಕೈಗೇ ಕೊಡು. ನೀ ಮುಟ್ಟಬೇಡ.’

‘ಬೆಳಿಗ್ಗೆಯೇ ಹೇಳಬಾರದಿತ್ತೇ ಹೆತ್ತೆ?’

‘ಮಕ್ಕ ಎಲ್ಲಾ ನಿಂತಿದ್ದರಲ್ಲ. ಟೀಚರೇ ಬೆಂಕಿ ಹಚ್ಚಾಕೆ ಹೋದಳು ಅಂದರೆ ನಾಳೆ ನಿನ್ನ ಮಾತ ಯಾರು ಕೇಳುವರು? ನೀ ಟೆಂಪರರಿ. ಎನಗೆ ಏನ, ಉಪ್ಪು ಹೆಚ್ಚು ಅಂತ ದಿನಾ ಬೈಸಿಕೊಂಬವಳು. ಇನ್ನೊಂದು ಬೈಗಳ ಭಾರವಾ?’

ಹಿಂದಿನ ಸಂಜೆ ಶಾಲೆಯ ಪಕ್ಕದ ತಮ್ಮ ಕೊಟ್ಟಿಗೆಗೆ ಕೋಳಿ ಮುಚ್ಚಲು ಬಂದವರಿಗೆ ಸುಟ್ಟ ರಬ್ಬರಿನ ವಾಸನೆ ಬಂದಿತ್ತಂತೆ. ಅವರ ಗಂಡ ಒಂದು ಕಾಲದಲ್ಲಿ ಕರೆಂಟು ಕಂಬ ನೆಡುವ ಗ್ಯಾಂಗಿನಲ್ಲಿದ್ದವರು. ಮೊದಲು ಫ್ಯೂಸ್ ಕೀಳು, ಆಮೇಲೆ ಅಳು ಎಂದು ಹೇಳಿಕೊಟ್ಟಿದ್ದರಂತೆ. ಫ್ಯೂಸ್ ಕಿತ್ತು, ಹೊಗೆಯಾಡುತ್ತಿದ್ದ ಜಾಗಕ್ಕೆ ಹಸಿ ಗೋಣಿ ಒತ್ತಿ, ಸಸಿ ಸಾಯುತ್ತವೆ ಎಂದು ಕತ್ತಲಾಗುವ ಮೊದಲೇ ಇಳಿಜಾರಿಗೆ ಹೋಗಿ ಮೂರು ಹೊರೆ ಜರಿಗಿಡ ಕೊಯ್ದು ತಂದಿದ್ದರು. ಅರವತ್ತು ದಾಟಿದ ಹೆಂಗಸು. ನಾನು ಬಾಗಿಲಿಗೆ ಒರಗಿ ಚೆನ್ನಾಗಿ ಅತ್ತೆ. ಅವಮಾನಕ್ಕಿಂತ ಹೆಚ್ಚಾಗಿ, ಏನೂ ಆಗಲಿಲ್ಲವಲ್ಲ ಎಂಬ ಸಮಾಧಾನಕ್ಕೆ.

ಹೆಡ್‌ಮಾಸ್ಟರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು, ‘ಇದು ನನ್ನ ಹತ್ತಿರ ಬಂದೇ ಇಲ್ಲ’ ಎಂದರು. ಒಲೆಗೆ ಹಾಕಲು ತಂದೆ. ಹೆತ್ತೆ ಕೈ ಹಿಡಿದರು.

‘ಏನ ಬರೆದ್ದೆ? ಓದು.’

ತಲೆ ತಗ್ಗಿಸಿ ಓದಿದೆ. ಕೆಲಸದಿಂದ ತೆಗೆಯಬೇಕು ಎಂಬಲ್ಲಿಗೆ ಬಂದಾಗ ಅವರು ನಕ್ಕ ನಗುವಿಗೆ ತಲೆಬಟ್ಟೆ ಜಾರಿ ಭುಜಕ್ಕೆ ಬಿತ್ತು. ‘ಒಳ್ಳೆ ದಪ್ಪ ಕಾಗದ. ಒಲೆಗೆ ಏಕ? ಬೀಜ ಕಟ್ಟಾಕೆ ಆತು’ ಎಂದು ಮಡಚಿ ಡಬ್ಬಿಯ ಹಿಂದೆ ಸಿಕ್ಕಿಸಿಕೊಂಡರು.

ಆಫೀಸರ್ ಮೂರಕ್ಕೆ ಬಂದರು. ಹೊಸ ವಯರು ಇನ್ನೂ ಬಂದಿರಲಿಲ್ಲ, ಕಾಲೊನಿಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಅವರು ಕರಿಯಾದ ಬಿದಿರು ನೋಡಿದರು, ಕಮಾಂಡರನ್ನು ಕೇಳಿದರು: ‘ಚಂದ್ರನಲ್ಲಿ ಹೀಗೆ ಕರೆಂಟ್ ಹೋದರೆ ಏನಮ್ಮಾ ಮಾಡುತ್ತೀರಿ?’

‘ಜರಿಗಿಡ ಮುಚ್ಚುವೆವು ಸಾರ್. ನಿನ್ನೆ ಮುಚ್ಚಿತ್ತು. ಒಂದು ಗಿಡವೂ ಸತ್ತಿಲ್ಲ.’

‘ಚಂದ್ರನಲ್ಲಿ ಜರಿಗಿಡ ಎಲ್ಲಿದೆ?’

ಹುಡುಗಿ ತಡವರಿಸಲಿಲ್ಲ. ‘ಹೋಪಾಗ ಹೊರೆ ಕಟ್ಟಿ ಒಯ್ಯುವೆವು ಸಾರ್. ಹೆತ್ತೆಯನ್ನೂ ಕರಕೊಂಡು ಹೋಪೆವು.’

ಆಫೀಸರ್ ನಕ್ಕರು. ಆ ನಗುವಿನ ಧೈರ್ಯದ ಮೇಲೆ ನಾನೂ ಬಾಯಿ ಬಿಟ್ಟು, ತಪ್ಪು ನನ್ನದು, ಉಳಿಸಿದವರು ಅಡುಗೆಯವರು ಎಂದು ಹೇಳಿಬಿಟ್ಟೆ. ಬರೆದುಕೊಂಡರು. ಏನು ಬರೆದರೋ ಗೊತ್ತಿಲ್ಲ. ತಿಂಗಳೊಳಗೆ ಶಾಲೆ ಮುಂದುವರಿಯಲಿ ಎಂಬ ಆದೇಶ ಬಂತು. ಆ ದಿನ ಹೆಡ್‌ಮಾಸ್ಟರ್ ಮಕ್ಕಳ ಸಾಲಿನಲ್ಲೇ ಕೂತು ಎರಡು ತಟ್ಟೆ ಊಟ ಮಾಡಿದರು. ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ಮುಂದೆ ನನಗೆ ಪರ್ಮನೆಂಟ್ ಆಗಿ ಪಂದಲೂರಿನ ಕಡೆಗೆ ಹಾಕಿದರು. ಹೊರಡುವ ದಿನ ಹೆತ್ತೆಯ ಮುಂದೆ ತಲೆ ಬಾಗಿಸಿದೆ. ನಮ್ಮಲ್ಲಿ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ‘ಒಂದು ಇದ್ದದ್ದು ಸಾವಿರ ಆಗಲಿ’ ಎಂದರು. ಆ ಕೈ ಕೂದಲಿಗೆಲ್ಲ ಅರಿಶಿನ ಹತ್ತಿಸಿತ್ತು, ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು.

ಹೋದ ವರ್ಷ ಅವರು ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಬಿಸಿಲಿಗೆ ಕೂತಲ್ಲೇ ಹೋದರಂತೆ, ಯಾರಿಗೂ ತೊಂದರೆ ಕೊಡದೆ. ನಾನು ಮಾತಾಡಿಸಲು ಹೋದಾಗ ಮಗಳು ಒಳಗಿನಿಂದ ಒಂದು ಪೊಟ್ಟಣ ತಂದು, ‘ಟೀಚರ್ ಬಂದರೆ ಕೊಡು ಅಂದಿತ್ತು ಅವ್ವೆ’ ಎಂದಳು. ದಪ್ಪ ಕಾಗದ, ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿತ್ತು. ಬಿಚ್ಚಿದರೆ ಒಂದು ಹಿಡಿ ಅವರೆ ಬೀಜ, ಅದರ ಅಡಿಯಲ್ಲಿ ನನ್ನದೇ ಅಕ್ಷರ, ಸಹಿಯ ಕೆಳಗಿನ ಎರಡು ಗೆರೆ. ಮೂಲೆಯಲ್ಲಿ ಹೆಬ್ಬೆರಳಗಲದ ಅರಿಶಿನದ ಕಲೆ.

ಮನೆಯ ಹಿಂದೆ ಬಿತ್ತಿದೆ. ಬಳ್ಳಿ ಈಗ ಬೇಲಿ ದಾಟಿದೆ, ಅಕ್ಕಪಕ್ಕದ ಮನೆಗೂ ಕೊಡುವಷ್ಟು ಕಾಯಿ. ಕಾಗದವನ್ನು ಮಾತ್ರ ಹಾಗೆಯೇ ಮಡಚಿ ಇಟ್ಟಿದ್ದೇನೆ. ಈ ಸಲದ ಬೀಜ ಕಟ್ಟಲು ಅದೇ ಬೇಕು.