ಬೆಳ್ಳುಳ್ಳಿ ವಾಸನೆಯ ಆಲ್ಬಮ್

ನನ್ನ ತಂಗಿಯ ಮೊಮ್ಮಗಳಿಗೆ ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸು ಬರುವಷ್ಟರಲ್ಲಿ ಒಂದು ಹಾಡು ಸಿದ್ಧವಾಗುತ್ತದೆ. ಗಿಟಾರಿಗೆ ಜಗಳೂರಿನವನು, ಡ್ರಮ್ಸಿಗೆ ಚನ್ನಗಿರಿಯವನು, ಹಾಡುವುದು ಇವಳು. ಅದೇ ಬ್ಯಾಂಡು. ಒಂದು ಆಲ್ಬಮ್ ಹೊರಬರುವ ಮೊದಲೇ ಇನ್ನೊಂದರ ಹಾಡುಗಳು ಮುಗಿದಿರುತ್ತವೆ. ಇಂಡೀ ರಾಕ್ ಅಂದರೇನೆಂದು ಕೇಳಿದ್ದಕ್ಕೆ, ಕಂಪನಿಯವರು ಯಾರೂ ಕರೆಯದಿದ್ದಾಗ ನಾವೇ ಮಾಡಿಕೊಳ್ಳುವ ರಾಕ್ ಎಂದು ನಕ್ಕಿದ್ದಳು.

ಕಾನ್ವೆಂಟಿನ ಕ್ವಾಯರ್‌ನಲ್ಲಿ ಬೆಳೆದ ನನಗೆ ಅವರ ಗದ್ದಲ ಅಷ್ಟಕ್ಕಷ್ಟೆ. ಆದರೆ ಅವಳ ಉಸಿರು! ಸಾಲು ಎಷ್ಟೇ ಉದ್ದವಿರಲಿ, ಕೊನೆಯ ಅಕ್ಷರದವರೆಗೆ ಒಂದೇ ಬ್ರೆತ್. ನಮ್ಮ ಮ್ಯೂಸಿಕ್ ಸಿಸ್ಟರ್ ಇದ್ದಿದ್ದರೆ ಇವಳನ್ನೇ ಮುಂದಿನ ರೋನಲ್ಲಿ ನಿಲ್ಲಿಸುತ್ತಿದ್ದರು.

ರೆಕಾರ್ಡಿಂಗ್ ನಡೆಯುತ್ತಿದ್ದುದು ನಮ್ಮ ಮನೆಯೆದುರಿನ ಮೆಕ್ಕೆಜೋಳದ ಗೋಡೌನಿನಲ್ಲಿ. ನನ್ನವರು ಹೋದ ಮೇಲೆ ಆ ವ್ಯಾಪಾರವನ್ನು ನನ್ನ ಮೈದುನನ ಮಗ ನೋಡಿಕೊಳ್ಳುತ್ತಿದ್ದಾನೆ. ಒಂದು ಹಾಡಿಗೆ ಒಂದೇ ಟೇಕ್. ಮುಗಿದ ಕೂಡಲೇ ನನ್ನ ಫೋನಿಗೆ ಕಳಿಸುತ್ತಿದ್ದಳು. ನಾನು ಜಗಲಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ.

ಆ ಮಧ್ಯಾಹ್ನದ ಮೊದಲ ಹಾಡು ಬ್ಯೂಟಿಫುಲ್ ಆಗಿತ್ತು. ತಗಡಿನ ಗೋಡೆಯ ಮಾಮೂಲಿ ಎಕೋ ಇರಲಿಲ್ಲ. ಎಕೋ ಹೇಗೆ ಹೋಯಿತೆಂದು ಕೇಳಿ ಮೆಸೇಜ್ ಹಾಕಿದೆ, ಉತ್ತರದ ಬದಲು ಮುಂದಿನ ಹಾಡೇ ಬಂತು. ಎರಡನೆಯ ಹಾಡಿನಲ್ಲಿ ಅವಳು ಸಾಲಿನ ನಡುವೆ ಉಸಿರು ತೆಗೆದುಕೊಂಡಳು. ಮೂರನೆಯದರಲ್ಲಿ ಒಂದೇ ಪದದ ನಡುವೆ. ಯಾರೋ ಕೆಮ್ಮಿದರು. ಡ್ರಮ್ಸು ತಾಳ ತಪ್ಪಿತು, ಮತ್ತೆ ಹಿಡಿಯಿತು, ಮತ್ತೆ ತಪ್ಪಿತು.

ಆಗ ಅವಳ ವಾಯ್ಸ್ ಮೆಸೇಜ್ ಬಂತು. "ಅಜ್ಜಿ, ಎಕೋ ಹೋಗಾಕೆ ಚೀಲದ ಮ್ಯಾಲಿನ ತಾಡಪಾಲು ತೆಗೆದು ಗ್ವಾಡಿಗೆ ಕಟ್ಟೀವಿ. ಹೆಂಗೈತೆ ಸೌಂಡು? ತಲಿ ಮಾತ್ರ ಭಾಳ ಸಿಡೀತೈತೆ. ನೀನೇನು ಬೆಳ್ಳುಳ್ಳಿ ಒಗ್ಗರಣೆ ಹಾಕೀಯೇನು? ಇಲ್ಲೆಲ್ಲಾ ಅದೇ ವಾಸನೆ."

ನಮ್ಮ ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಜೋಳದ ವ್ಯಾಪಾರಿಯ ಹೆಂಡತಿಗೆ ಆ ವಾಸನೆ ಏನೆಂದು ಗೊತ್ತು. ಹುಳ ಹಿಡಿಯಬಾರದೆಂದು ಚೀಲಗಳ ನಡುವೆ ಮಾತ್ರೆ ಇಟ್ಟು, ಅದರ ವಿಷದ ಗಾಳಿ ಹೊರಬರದಂತೆ ತಾಡಪಾಲು ಮುಚ್ಚುತ್ತಾರೆ. ಬೆಳಿಗ್ಗೆ ಮೈದುನನ ಮಗ ನಮಗ್ಯಾರಿಗೂ ಹೇಳದೆ ಮಾತ್ರೆ ಇಟ್ಟು, ಮುಂದಿನ ಶಟರಿಗೆ ಬೀಗ ಜಡಿದು, ಎಚ್ಚರಿಕೆಯ ಕೆಂಪು ಚೀಟಿ ಅಂಟಿಸಿ ಹೋಗಿದ್ದ. ಈ ಮಕ್ಕಳು ಎಂದಿನಂತೆ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು, ಟ್ರ್ಯಾಕ್ಟರ್ ಸದ್ದು ಬಾರದಿರಲೆಂದು ಅದನ್ನೂ ಭದ್ರವಾಗಿ ಮುಚ್ಚಿಕೊಂಡಿದ್ದರು.

ರಸ್ತೆ ದಾಟುವಾಗ ಇನ್ನೂ ಕಿವಿಯಲ್ಲಿದ್ದ ಇಯರ್‌ಫೋನಿನಲ್ಲಿ ಅವಳ ಹಾಡು ಶುರುವಾಗಿತ್ತು. ಆ ಮೆಸೇಜಿನ ಬೆನ್ನಿಗೇ ಕಳಿಸಿದ್ದ ನಾಲ್ಕನೆಯದು. ಬಾಗಿಲು ಬಡಿದೆ, ಕೂಗಿದೆ. ಯಾರು ಚಿಲಕ ತೆಗೆದರೋ ನೆನಪಿಲ್ಲ. ಅವಳು ಹೊಸಿಲ ಮೇಲೆ ಕುಸಿದು ವಾಂತಿ ಮಾಡಿಕೊಂಡದ್ದು ನೆನಪಿದೆ.

ಹುಡುಗರಿಬ್ಬರೂ ಆಸ್ಪತ್ರೆಯಿಂದ ಬೇಗ ಬಂದರು. ಹೆಚ್ಚು ಹೊತ್ತು ಬಾಯಿ ತೆರೆದು ಆ ಗಾಳಿ ಎಳೆದವಳು ಇವಳು, ತಡವಾಗಿ ಬಂದಳು.

ಆಲ್ಬಮ್ ಹೊರಬಂತು, ಆ ನಾಲ್ಕು ಹಾಡುಗಳೊಂದಿಗೇ. ಉಸಿರು ತುಂಡಾಗುವ ಜಾಗಗಳನ್ನು ಕೇಳಿದವರು ವಾಟ್ ಎ ಸ್ಟೈಲ್ ಎಂದು ಬರೆದಿದ್ದಾರಂತೆ. ನಾನು ಮೊದಲನೆಯದನ್ನಷ್ಟೇ ಕೇಳಿ ನಿಲ್ಲಿಸುತ್ತೇನೆ.

ಮೊನ್ನೆ ಬಂದವಳು ಜಗಲಿಯಲ್ಲಿ ಕೂತು ಹೊಸ ಹಾಡೊಂದನ್ನು ಹಾಡಿದಳು. ಈಗಲೂ ಅಷ್ಟೇ ಬೇಗ ಬರೆಯುತ್ತಾಳೆ. ಸಾಲುಗಳು ಮಾತ್ರ ತುಂಬ ಗಿಡ್ಡವಾಗಿವೆ. ಒಂದೊಂದು ಉಸಿರಿಗೆ ನಾಲ್ಕು ಪದ, ಅಷ್ಟೇ.