ಖಾಲಿ ಬುಟ್ಟಿ ಹೊತ್ತ ನಡಿಗೆ

"ಅಕ್ಕಾರ, ದಿನಾ ಖಾಲಿ ಬುಟ್ಟಿ ಹೊತಗೊಂಡ ಎಲ್ಲಿಗೆ ಹೊಂಟೀರಿ?"

ಕರೋಶಿಯ ಕಬ್ಬಿನ ಹೊಲದ ದಾರಿಯಲ್ಲಿ ನೆರೆಮನೆಯ ಶಾಂತವ್ವ ನನ್ನನ್ನು ತಡೆದು ಕೇಳಿದಳು. ನಾಚಿಕೆಯಾಯಿತು. ನಮ್ಮೂರಲ್ಲಿ ಹೆಂಗಸು ಕೆಲಸವಿಲ್ಲದೆ ನಡೆಯುತ್ತಿದ್ದರೆ ಹತ್ತು ಮಂದಿ ಕೇಳುತ್ತಾರೆ. ಅದಕ್ಕೇ ಬುಟ್ಟಿಯ ನೆಪ ಮಾಡಿಕೊಂಡಿದ್ದೆ.

ನಿಜ ಹೇಳಿಬಿಟ್ಟೆ. ನನ್ನ ತಂಗಿ ಗಂಗವ್ವ ಎದೆಯ ಗಂಟನ್ನು ನನಗೂ ಹೇಳದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಇದ್ದಳು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಹಾಸಿಗೆ ಹಿಡಿದ ಮೇಲೆ, ಮೊದಲಿನಂತೆ ಇಬ್ಬರೂ ಹೊಲದ ತನಕ ನಡೆದು ಬರೋಣ ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ದಾರಿಯನ್ನು ನಾನೊಬ್ಬಳೇ ನಡೆಯುತ್ತಿದ್ದೆ.

ಶಾಂತವ್ವ ಅತ್ತಿತ್ತ ನೋಡಿದಳು. "ಅಕ್ಕಾರ, ನನಗೂ ಒಂದ ಗಂಟ ಐತ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ" ಎಂದಳು.

ಅಂದೇ ಅವಳನ್ನು ಚಿಕ್ಕೋಡಿಯ ಆಸ್ಪತ್ರೆಗೆ ಕರೆದೊಯ್ದೆ. ಅದು ಕ್ಯಾನ್ಸರೇ. ಬೇಗ ಗೊತ್ತಾಗಿದ್ದರಿಂದ ಉಳಿದಳು. ಚಿಕಿತ್ಸೆ ಮುಗಿದ ಮೇಲೆ ಅವಳೂ ನನ್ನ ಜೊತೆ ನಡೆಯತೊಡಗಿದಳು, ಆಮೇಲೆ ಅವಳ ಸೊಸೆ, ಆಮೇಲೆ ಓಣಿಯ ಹೆಂಗಸರೆಲ್ಲ. ತಿಂಗಳಿಡೀ ನಡೆಯಬೇಕು, ಒಂದು ದಿನ ತಪ್ಪಿದರೂ ನನ್ನ ಬುಟ್ಟಿಗೆ ಸೇರು ಜೋಳ ಹಾಕಬೇಕು ಎಂದು ಶಾಂತವ್ವನೇ ಪಣ ಕಟ್ಟಿದಳು. ಈಗ ತಪ್ಪದವರೂ ಹಾಕುತ್ತಾರೆ. ಆ ಜೋಳ ಮಾರಿ, ಕೈಯಲ್ಲಿ ದುಡ್ಡಿಲ್ಲದ ಹೆಂಗಸರನ್ನು ತಪಾಸಣೆಗೆ ಕಳಿಸುತ್ತೇವೆ. ಈ ವರ್ಷ ರಾಯಬಾಗದ ಕಡೆಯ ಹೆಂಗಸರೂ ನಡೆಯಲು ಶುರು ಮಾಡಿದ್ದಾರೆ.

ಮೊಮ್ಮಕ್ಕಳೇ, ಇಷ್ಟು ಮಂದಿ ಜೊತೆಗಿದ್ದರೂ ನಾನು ನನ್ನ ಎಡಬದಿಗೆ ಒಬ್ಬರ ಜಾಗ ಬಿಟ್ಟೇ ನಡೆಯುತ್ತೇನೆ. ಗಂಗವ್ವ ಯಾವಾಗಲೂ ಆ ಕಡೆಗೇ ಇರುತ್ತಿದ್ದಳು.