ಹಂಸ ಹೋಗಿ ಖಳನಾಯಕ ಬಂದ ಬೇಸಿಗೆ

ಕಳೆದ ಭಾನುವಾರ ಸಾಗರದಿಂದ ಬಂದಿದ್ದ ಮೊಮ್ಮಗಳು ಶ್ರಾವ್ಯ ತನ್ನ ಮೊಬೈಲನ್ನು ನನ್ನ ಮೂಗಿಗೆ ತಗುಲುವ ಹಾಗೆ ಹಿಡಿದು, "ಅಜ್ಜೀ, ಇಷ್ಟು ದೊಡ್ಡವರೆಲ್ಲ ಎಂತಕ್ಕೆ ಅಳ್ತಿದಾರೆ ಹೇಳು ನೋಡಣ" ಎಂದಳು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಯಾವುದೋ ದೂರದೇಶದ ಅಮ್ಯೂಸ್‌ಮೆಂಟ್ ಪಾರ್ಕು. ಅಲ್ಲಿ ತುಂಬ ವರ್ಷಗಳಿಂದ ಓಡುತ್ತಿದ್ದ ಒಂದು ಆಟವನ್ನು ನಿಲ್ಲಿಸಿ, ಅದಕ್ಕೆ ಸಿನಿಮಾ ಪಾತ್ರಗಳ ವೇಷ ತೊಡಿಸಿ, ಹೊಸದಾಗಿ ತೆರೆಯುತ್ತಾರಂತೆ. ಹಳೆಯ ಆಟದ ಅಭಿಮಾನಿಗಳು ಕೊನೆಯ ದಿನ ಸಾಲುಗಟ್ಟಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಸಿನಿಮಾದ ಅಭಿಮಾನಿಗಳು ಆಚೆ ಬದಿಯಲ್ಲಿ ಕುಣಿಯುತ್ತಿದ್ದರು. ನಡುವೆ ಒಬ್ಬ ಬೋಳುತಲೆಯ ಗಂಡಸು ಬಿಕ್ಕಿಬಿಕ್ಕಿ ಅಳುತ್ತಿದ್ದ.

"ಆಟದ ಸಾಮಾನಿಗೆ ಯಾರಾದ್ರೂ ಅಳ್ತಾರಾ?" ಎಂದು ಶ್ರಾವ್ಯ ನಕ್ಕಳು. ನಾನು ನಗಲಿಲ್ಲ. ಆ ಬೋಳುತಲೆಯವನ ಪಕ್ಕದಲ್ಲಿ ಕೂತು ಅಳಬಹುದಾದ ಅರ್ಹತೆ ನನಗಿದೆ ಎಂದು ಅವಳಿಗೇನು ಗೊತ್ತು! ನಿಮಗೂ ಗೊತ್ತಿಲ್ಲ. ಆದ್ದರಿಂದ ಹೇಳುತ್ತೇನೆ, ಕೇಳಿ.

ನನ್ನ ತವರು ರಿಪ್ಪನ್‌ಪೇಟೆ. ಅಪ್ಪಯ್ಯನದು ಸಂತೆ ಮೈದಾನದ ಅಂಚಿನಲ್ಲಿ ಗೋಲಿ ಸೋಡಾದ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಪ್ರತಿ ವರ್ಷ ಕೊಯ್ಲಿನ ಗಡಿಬಿಡಿಯೆಲ್ಲ ಮುಗಿದ ಮೇಲೆ, ಮಳೆ ಹಿಡಿಯುವುದಕ್ಕೆ ಮುಂಚೆ, ರುದ್ರಣ್ಣ ಎಂಬಾತ ಲಾರಿಯಲ್ಲಿ ತನ್ನ ಕುದುರೆ ತೊಟ್ಟಿಲನ್ನು ತಂದು ಆ ಮೈದಾನದಲ್ಲಿ ಹೂಡುತ್ತಿದ್ದ. ನಡುವೆ ಒಂದು ದಪ್ಪ ಕಂಬ, ಅದರ ತಲೆಯಿಂದ ಸುತ್ತಲೂ ಚಾಚಿದ ತೊಲೆಗಳು, ತೊಲೆಗಳ ತುದಿಗೆ ಕಬ್ಬಿಣದ ಸರಳಿನಲ್ಲಿ ತೂಗುಬಿಟ್ಟ ಮರದ ಪ್ರಾಣಿಗಳು. ಕುದುರೆ, ಆನೆ, ಹುಲಿ, ಜಿಂಕೆ, ನವಿಲು. ಹಾಡಿನ ಮೈಕಿಗೆ ಒಂದು ಬ್ಯಾಟರಿ ಬಿಟ್ಟರೆ ಕರೆಂಟು ಗಿರೆಂಟು ಏನೂ ಇಲ್ಲ. ಇಬ್ಬರು ಆಳುಗಳು ಕಂಬಕ್ಕೆ ಸಿಕ್ಕಿಸಿದ ಗಳ ಹಿಡಿದು ಓಡಿದರೆ ಪ್ರಾಣಿಗಳು ಓಡುತ್ತಿದ್ದವು, ಅವರು ಬೀಡಿ ಹಚ್ಚಿದರೆ ಪ್ರಾಣಿಗಳೂ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು.

ಊರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರಾಣಿಯ ಮೇಲೆ ಜೀವ. ಅಕ್ಕಿ ಗಿರಣಿಯ ಗುಮಾಸ್ತರಂತೂ, ಮೂರು ಮಕ್ಕಳ ತಂದೆ, ಅತ್ತಿತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹುಲಿ ಹತ್ತಿ ಒಂದು ಸುತ್ತು ಹೊಡೆದು, ಗಂಭೀರವಾಗಿ ಕೊಡೆ ಹಿಡಿದು ಮನೆಗೆ ಹೋಗುತ್ತಿದ್ದರು. ಅದು ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ಅವರೊಬ್ಬರೇ ನಂಬಿದ್ದರು.

ಆದರೆ ಎಲ್ಲಕ್ಕಿಂತ ಮೇಲಿನ ಸ್ಥಾನ ಹಂಸದ್ದು. ತೊಟ್ಟಿಲಿನಲ್ಲಿ ಇಬ್ಬರು ಕೂರಬಹುದಾದ ಆಸನ ಅದೊಂದೇ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಮಗಳು ಅಳಿಯ ತವರಿಗೆ ಬಂದಾಗ ಅವರಿಬ್ಬರನ್ನು ಹಂಸದ ಮೇಲೆ ಕೂರಿಸಬೇಕು. ಯಾವ ಶಾಸ್ತ್ರದಲ್ಲೂ ಇಲ್ಲದ ಈ ಪದ್ಧತಿ ನಮ್ಮ ಬೀದಿಯಲ್ಲಿ ಹೇಗೋ ಬೇರೂರಿತ್ತು. ಹೆಂಗಸರೆಲ್ಲ ಸುತ್ತ ನಿಂತು ಅಳಿಯನ ಕೈಗಳನ್ನೇ ನೋಡುತ್ತಿದ್ದರು. ಹೆಂಡತಿಯ ಕೈ ಹಿಡಿದರೆ ಗಟ್ಟಿಗ, ಹಂಸದ ಕುತ್ತಿಗೆ ಹಿಡಿದರೆ ಅಂಜುಬುರುಕ. ನಮ್ಮ ಜಯಕ್ಕನ ಗಂಡ ಎರಡೂ ಕೈಯಲ್ಲಿ ಹಂಸದ ಕುತ್ತಿಗೆ ತಬ್ಬಿ ಕಣ್ಣು ಮುಚ್ಚಿ ಕೂತಿದ್ದರು. ಭಾವ ಆಮೇಲೆ ಎಷ್ಟೋ ದೊಡ್ಡ ಕೆಲಸಗಳನ್ನು ಮಾಡಿದರು. ಆದರೂ ರಿಪ್ಪನ್‌ಪೇಟೆಯ ಹೆಂಗಸರಿಗೆ ಅವರು ಕೊನೆಯವರೆಗೂ ಹಂಸದ ಕುತ್ತಿಗೆ ಹಿಡಿದವರೇ.

ಹಾಗಿದ್ದೂ ಜಯಕ್ಕ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದ್ದಳು. "ಅಲ್ಲಿ ಎಂತ ಮಾತಾಡಿದ್ರೂ ಕೆಳಗಿದ್ದವರಿಗೆ ಕೇಳ್ಸಲ್ಲ ಕಣೇ. ಮೈಕಿನ ಗಲಾಟೆ ಅಲ್ದಾ? ನಿಮ್ ಭಾವ ನನ್ ಹತ್ರ ಸರಿಯಾಗಿ ಮಾತಾಡಿದ್ದೇ ಅವತ್ತು."

ಈ ಗುಟ್ಟು ನನಗೆ ಎಷ್ಟು ಮುಖ್ಯವಾಯಿತು ಎಂದು ತಿಳಿಯಬೇಕಾದರೆ ನಮ್ಮ ಯಜಮಾನರ ವಿಷಯ ಹೇಳಬೇಕು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ತೀರ್ಥಹಳ್ಳಿಗೆ ಬಂದು ತಿಂಗಳುಗಳೇ ಕಳೆದಿದ್ದರೂ ಇವರ ಬಾಯಿಂದ ನಾನು ಒಂದು ಪೂರ್ತಿ ವಾಕ್ಯ ಕೇಳಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜನರನ್ನು ಕರೆದು ಬಸ್ಸಿಗೆ ತುಂಬುವ ಬಸ್ ಏಜೆಂಟ್ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಕೊನೆಯ ಬಸ್ಸು ಬಿಟ್ಟ ಮೇಲೆ ಮನೆಗೆ. ಮನೆ ತುಂಬ ಜನ, ಅತ್ತೆ, ಮಾವ, ಮೈದುನರು, ನಾದಿನಿಯರು. "ಊಟ?" ಎಂದು ನಾನು ಕೇಳಿದರೆ "ಹ್ಞೂಂ." "ನೀರು?" ಎಂದರೆ "ಹ್ಞೂಂ." ಬೇಡವಾದರೆ "ಉಹ್ಞೂಂ." ಬಸ್‌ಸ್ಟ್ಯಾಂಡಿನಲ್ಲಿ ಇವರದು ಗಂಟೆಯಂಥ ಧ್ವನಿ ಎಂದು ಮೈದುನ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಆ ಕಾಲದಲ್ಲಿ ಮನೆಯ ಸೊಸೆ ಗಂಡನ ಧ್ವನಿ ಕೇಳಲು ಬಸ್‌ಸ್ಟ್ಯಾಂಡಿಗೆ ಹೋಗುವಂತಿರಲಿಲ್ಲ. ನನ್ನನ್ನು ಇವರಿಗೆ ಇಷ್ಟವೋ ಇಲ್ಲವೋ ಎಂಬುದೇ ಗೊತ್ತಾಗದೆ ನಾನು ಒಳಗೊಳಗೇ ಒದ್ದಾಡುತ್ತಿದ್ದೆ. ಬೇಸಿಗೆ ಬರಲಿ, ಹಂಸ ಹತ್ತಿಸುತ್ತಾರಲ್ಲ, ಅಲ್ಲಿಂದ ಇಳಿದು ಓಡುವುದಕ್ಕಂತೂ ಆಗುವುದಿಲ್ಲ, ಆಗ ಮಾತಾಡಲೇಬೇಕು ಎಂದು ಕಾದಿದ್ದೆ.

ಬೇಸಿಗೆ ಬಂತು. ನಾವಿಬ್ಬರೂ ತವರಿಗೆ ಬಂದೆವು. ರುದ್ರಣ್ಣನ ಲಾರಿಯೂ ಬಂತು. ಹಂಸ ಬರಲಿಲ್ಲ.

ನಡೆದದ್ದು ಇಷ್ಟು. ಹಿಂದಿನ ವರ್ಷ ಹುಡುಗರೆಲ್ಲ ತೊಟ್ಟಿಲಿಗೆ ಬೆನ್ನು ಹಾಕಿ ಟೆಂಟ್ ಸಿನಿಮಾಕ್ಕೆ ಓಡುವುದನ್ನು ರುದ್ರಣ್ಣ ನೋಡಿದ್ದ. "ಆನೆ ನಮ್ ಗದ್ದೆಗೇ ಬರ್ತದೆ, ಮರದ್ದು ಯಾರಿಗೆ ಬೇಕು?" ಎಂದು ಒಬ್ಬ ಪೋರ ಅವನ ಮುಖಕ್ಕೇ ಹೇಳಿದ್ದನಂತೆ. ಅದು ಅವನ ಮನಸ್ಸಿಗೆ ನಾಟಿತು. ಸಾಗರದಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದ ಪೇಂಟರನ್ನು ಹಿಡಿದು, ಪ್ರಾಣಿಗಳಿಗೆಲ್ಲ ಪ್ಲೈವುಡ್ಡಿನ ಕೈಕಾಲು ಮುಖ ಹೊಡೆಸಿ, ಇಡೀ ತೊಟ್ಟಿಲನ್ನೇ ಸಿನಿಮಾ ಮಾಡಿಬಿಟ್ಟಿದ್ದ. ಕುದುರೆ ನಾಯಕನಾಗಿತ್ತು. ಜಿಂಕೆ ನಾಯಕಿ, ನವಿಲು ಹಾಸ್ಯಗಾರ, ಹುಲಿ ಪೊಲೀಸ್ ಇನ್‌ಸ್ಪೆಕ್ಟರ್. ಪಾಪದ ಆನೆ ಬಿಳಿ ಸೀರೆ ಉಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ನಾಯಕನ ತಾಯಿಯಾಗಿತ್ತು. ಇನ್ನು ಹಂಸ? ಇಬ್ಬರು ಕೂರಬೇಕಾದರೆ ಅಗಲವಾದ ತೊಡೆ ಬೇಕು, ಅಗಲವಾದ ತೊಡೆ ಇರುವುದು ಖಳನಾಯಕನಿಗೆ ಎಂಬುದು ಪೇಂಟರನ ಲೆಕ್ಕಾಚಾರ. ಕಪ್ಪು ಕನ್ನಡಕ, ಚೌಕಳಿ ಕೋಟು, ಬಾವಲಿಯಂಥ ಮೀಸೆ. ಹಂಸದ ಕುತ್ತಿಗೆಯ ತುದಿಗೇ ಮುಖ ಹೊಡೆದಿದ್ದರಿಂದ ಅವನಿಗೆ ಮೊಳದುದ್ದದ ಕತ್ತು ಬೇರೆ.

ಊರು ಎರಡು ಹೋಳಾಯಿತು. ಹುಡುಗರಿಗೆ ಹಬ್ಬ. ಶಿಳ್ಳೆ ಹೊಡೆದರು, ಪ್ಲೈವುಡ್ಡಿನ ನಾಯಕನಿಗೆ ಹಾರ ಹಾಕಿದರು, ಒಬ್ಬ ಕರ್ಪೂರದಾರತಿಯನ್ನೂ ಎತ್ತಿದ. ಅಷ್ಟರಲ್ಲಿ ಆ ನಾಯಕ ಯಾವ ನಟನ ಹಾಗಿದ್ದಾನೆ ಎಂಬ ಜಗಳ ಹತ್ತಿಕೊಂಡಿತು. ಪೇಂಟರ್ ಜಾಣ, ಒಬ್ಬ ನಟನ ಮೂಗಿಗೆ ಇನ್ನೊಬ್ಬನ ಕ್ರಾಪು ಸೇರಿಸಿದ್ದ. ಹಾಗಾಗಿ ಎರಡೂ ಗುಂಪಿನವರು ಅವನನ್ನು ತಮ್ಮವನೆಂದು ಹೇಳಿಕೊಂಡು ಅಂಗಿ ಹರಿದುಕೊಂಡರು. ಇತ್ತ ಗಿರಣಿ ಗುಮಾಸ್ತರು ಇನ್‌ಸ್ಪೆಕ್ಟರನ ಮುಂದೆ ನಿಂತು, ತಮ್ಮ ಹುಲಿಯ ಒಂದು ಪಟ್ಟೆಯಾದರೂ ಕಾಣುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡಿ, ಮಂಕಾಗಿ ಹೊರಟುಹೋದರು.

ಹೆಂಗಸರ ಪಡೆಗೆ ಅಮ್ಮನೇ ಸೇನಾಪತಿ. ಸೆರಗು ಸಿಕ್ಕಿಸಿ ಮೈದಾನಕ್ಕೆ ನಡೆದಳು.

"ರುದ್ರಣ್ಣ, ಹೊಸ ಜೋಡಿನ ಆ ರಾಕ್ಷಸನ ತೊಡೆ ಮೇಲೆ ಕೂರಿಸ್ತೀಯಾ? ಅಪಶಕುನ ಅಲ್ದಾ? ನಿಂಗೆ ಹೆಣ್ ಮಕ್ಕಳಿಲ್ವಾ?"

"ಅಮ್ಮಾ, ಅವ್ನು ಒಳಗೆ ಹಂಸಾನೇ. ಮೇಲೆ ಮಾತ್ರ ಕೋಟು."

"ಹಂಗಾರೆ ಕೋಟು ಬಿಚ್ಚು!"

"ಮೊಳೆ ಹೊಡ್ದಾಗಿದೆ, ಕಿತ್ರೆ ಹಂಸದ ಬೆನ್ನೇ ಸೀಳ್ತದೆ" ಎಂದು ರುದ್ರಣ್ಣ ಕೈ ಮುಗಿದ. ಆ ಬೇಸಿಗೆ ಊರಿಗೆ ಬಂದಿದ್ದ ಹೊಸ ಮದುಮಕ್ಕಳಲ್ಲಿ ಒಬ್ಬರೂ ಆ ಕಡೆ ಸುಳಿಯಲಿಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಹಂಸಕ್ಕಾಗಿ ಅಳುತ್ತಿದ್ದೇನೆಂದು ಅಮ್ಮ ತಿಳಿದಳು. ಅರ್ಧ ನಿಜ. ಇನ್ನರ್ಧ, ಜಗಲಿಯಲ್ಲಿ ಅಪ್ಪಯ್ಯ ಕೇಳಿದ್ದಕ್ಕೆಲ್ಲ "ಹ್ಞೂಂ, ಉಹ್ಞೂಂ" ಎನ್ನುತ್ತ ಇವರು ಕೂತಿದ್ದರಲ್ಲ, ಅದಕ್ಕಾಗಿ.

ಸಂಜೆ ಅಪ್ಪಯ್ಯನೇ ಅಳಿಯನನ್ನು "ಸುಮ್ನೆ ನೋಡ್ಕೊಂಡ್ ಬರೋಣ ಬನ್ನಿ" ಎಂದು ಮೈದಾನಕ್ಕೆ ಹೊರಡಿಸಿದರು. ಹಿಂದೆ ಅಮ್ಮ, ಅಮ್ಮನ ಹಿಂದೆ ಕೆಂಪು ಕಣ್ಣಿನ ನಾನು. ದಾರಿಯಲ್ಲಿ ಅಪ್ಪಯ್ಯ, ಕೊಡೆ ಹಿಡಿದು ಮತ್ತೆ ಅತ್ತಲೇ ಹೊರಟಿದ್ದ ಗಿರಣಿ ಗುಮಾಸ್ತರನ್ನು ತೋರಿಸಿ, ಅವರ ಹುಲಿ ಸವಾರಿಯ ಗುಟ್ಟನ್ನು ಅಳಿಯನಿಗೆ ಹೇಳಿದರು. ಹೋಗಿ ನೋಡಿದರೆ ಅಲ್ಲಿ ಬೇರೆಯೇ ಗೋಳು. ನಾಯಕ, ನಾಯಕಿ ಇದ್ದ ಕಡೆ ಹುಡುಗರು ಒಬ್ಬರ ಮೇಲೊಬ್ಬರು ಜೋತುಬಿದ್ದಿದ್ದಾರೆ. ಆಚೆ ಬದಿಯ ಖಳನಾಯಕನ ತೊಡೆ ಖಾಲಿ. ತೂಕವೆಲ್ಲ ಒಂದೇ ಕಡೆ ಬಿದ್ದು ಕಂಬ ವಾಲಿ, ಕಿರ್ರೋ ಎಂದು ನರಳುತ್ತಿದೆ. ಆಳುಗಳು ನೂಕಿ ನೂಕಿ ಬೆವರಿದರೂ ತೊಟ್ಟಿಲು ಜಪ್ಪಯ್ಯ ಎನ್ನುತ್ತಿಲ್ಲ. "ಯಾರಾದ್ರೂ ಆ ಕಡೆ ಕೂತ್ಕಳ್ರಪ್ಪ, ಇಲ್ದಿದ್ರೆ ನಾಳೆ ಲಾರಿಗೆ ತುಂಬ್ತೀನಿ" ಎಂದು ರುದ್ರಣ್ಣ ಅಳುಮೋರೆ ಮಾಡಿ ನಿಂತಿದ್ದ. ಯಾರೂ ಕದಲಲಿಲ್ಲ.

ಆಗ ತೊಟ್ಟಿಲಿನ ಬದಿಯಿಂದ ಒಂದು ಧ್ವನಿ ಹೊರಟಿತು. ಮೈಕಿನ ಹಾಡನ್ನೂ ಮುಳುಗಿಸಿದ ಧ್ವನಿ.

"ಏಯ್! ನಾಯಕನ ಕಡೆ ನೇತಾಡ್ತಿರೋರು ಇಳೀರಿ ಕೆಳಗೆ! ಒಂದ್ ಸೀಟಿಗೆ ಒಬ್ರೇ! ಹಿಂದೆ ಖಾಲಿ ಇದೆ, ಹಿಂದೆ ಹೋಗಿ, ಹಿಂದೆ ಹೋಗಿ! ಅಮ್ಮ, ಮಗೂನ ಆನೆ ಮೇಲೆ ಕೂರ್ಸಿ. ಗುಮಾಸ್ತ್ರೇ, ನೀವು ಇನ್‌ಸ್ಪೆಕ್ಟ್ರು ಹತ್ತಿ, ಯಾರೂ ನೋಡಲ್ಲ. ಖಳನಾಯಕ! ಖಳನಾಯಕ! ಎರಡು ಸೀಟ್ ಇದೆ, ಕಿಟಕಿ ಪಕ್ಕ! ಹುಂಚ, ಆನಂದಪುರ, ಸಾಗರ, ಎಲ್ಲೂ ನಿಲ್ಸಲ್ಲ! ಹತ್ತಿ ಹತ್ತಿ ಹತ್ತಿ!"

ನಾನು ಯಾರಪ್ಪ ಇದು ಎಂದು ತಿರುಗಿ ನೋಡಿದೆ. ನಮ್ಮ ಯಜಮಾನರು! ತಲೆಗೆ ಟವೆಲ್ ಸುತ್ತಿ, ತೊಲೆಗೆ ಕೈ ಹೊಡೆಯುತ್ತ ತೊಟ್ಟಿಲಿಗೆ ಜನ ತುಂಬುತ್ತಿದ್ದಾರೆ! ಅಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಹುಡುಗರು ಮರುಮಾತಾಡದೆ ಇಳಿದು ಜಾಗ ಬದಲಿಸಿದರು. ಗುಮಾಸ್ತರು ಕೊಡೆ ಮಡಚಿ ಇನ್‌ಸ್ಪೆಕ್ಟರನ ಬೆನ್ನೇರಿದರು. ಅಷ್ಟೆಲ್ಲ ಆದರೂ ಖಳನಾಯಕನ ಹತ್ತಿರ ಯಾರೂ ಹೋಗದಿದ್ದಾಗ ಇವರೇ ಹೋಗಿ ಅವನ ತೊಡೆಯ ಮೇಲೆ ಕೂತುಬಿಟ್ಟರು. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, "ಇನ್ನೊಂದ್ ಸೀಟ್, ಒಂದೇ ಸೀಟ್!" ಎಂದು ಕೂಗಿದರು. ಕೂಗುತ್ತ ಕೂಗುತ್ತ ಕಣ್ಣು ನನ್ನ ಮೇಲೆ ಬಿತ್ತು. ತಟ್ಟನೆ ಧ್ವನಿ ನಿಂತುಹೋಯಿತು.

ಹಂಸವಿಲ್ಲದಿದ್ದರೆ ಏನೂ ಬೇಡ ಎಂದು ಬೆಳಗ್ಗೆಯಿಂದ ಹಟ ಹಿಡಿದಿದ್ದವಳು ನಾನೇ. ಆ ಕ್ಷಣ ಹಂಸವೂ ನೆನಪಾಗಲಿಲ್ಲ, ಅಪಶಕುನವೂ ನೆನಪಾಗಲಿಲ್ಲ. ಇಡೀ ಊರು ನೋಡುತ್ತಿರುವಂತೆಯೇ ಹೋಗಿ ಹತ್ತಿ ಕೂತೆ. ಕಂಬ ನೆಟ್ಟಗಾಯಿತು. ತೊಟ್ಟಿಲು ಹೊರಟಿತು.

ಮೊದಲ ಸುತ್ತಿನಲ್ಲಿ ಇಬ್ಬರೂ ಸರಳು ಹಿಡಿದುಕೊಂಡೆವು. ಎರಡನೆಯ ಸುತ್ತಿನಲ್ಲಿ ಇವರು ನನ್ನ ಕಡೆ ಬಗ್ಗಿ, ಗೊಗ್ಗರು ಗಂಟಲಿನಲ್ಲಿ, "ಹೆದ್ರಿಕೆ ಆಗ್ತದಾ?" ಎಂದರು.

"ಇಲ್ಲ. ನಿಮ್ಗೆ?"

"ನಂಗೆ ಆಗ್ತದೆ" ಎಂದರು. ತಲೆಯ ಟವೆಲ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, "ತೊಟ್ಟಿಲಿಗಲ್ಲ. ನಿನ್ ಹತ್ರ ಎಂತ ಮಾತಾಡೋದು ಅಂತ ಗೊತ್ತಾಗಲ್ಲ. ಅದಕ್ಕೇ ಸುಮ್ನಿರ್ತೀನಿ" ಎಂದರು.

ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಾನೇ ಅವರ ಕೈ ಹಿಡಿದುಕೊಂಡೆ. ಕೆಳಗೆ ಹೆಂಗಸರು ಹೋ ಎಂದರು. ಹುಡುಗಿಯೇ ಗಂಡನ ಕೈ ಹಿಡಿದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಇಳಿದು ಬಂದಾಗ ಅಪ್ಪಯ್ಯ ಗೋಲಿ ಸೋಡಾ ಒಡೆದು ಕೈಗೆ ಕೊಟ್ಟು, "ಈ ಗಂಟಲನ್ನ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ ಅಳಿಯಂದಿರೇ?" ಎಂದರು. "ಉಹ್ಞೂಂ" ಎಂದರು ಇವರು. ಆ ವಾರದಲ್ಲೇ ಉಳಿದ ಹೊಸ ಜೋಡಿಗಳೂ ಒಂದೊಂದಾಗಿ ಖಳನಾಯಕನ ತೊಡೆ ಹತ್ತಿದವು. ಮುಂದಿನ ವರ್ಷದ ಹೊತ್ತಿಗೆ ಅದು ಹಂಸದಷ್ಟೇ ಹಳೆಯ ಪದ್ಧತಿಯಾಗಿತ್ತು.

ಆ ಭಾನುವಾರ ಇದನ್ನೆಲ್ಲ ನನ್ನಿಂದ ಕೇಳಿದ ಶ್ರಾವ್ಯ ಮೊಬೈಲ್ ಮರೆತು, ಜಗಲಿಯ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರ ಹತ್ತಿರ ಓಡಿದಳು. "ಅಜ್ಜಾ, ಪಾಪ ಅಜ್ಜಿಗೆ ಹಂಸ ಸಿಗ್ಲೇ ಇಲ್ವಂತೆ. ಹಂಸಾನೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಲ್ದಾ?"

ನಾನೂ ಒಳಗಿನಿಂದ ಕಿವಿಗೊಟ್ಟೆ. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ನನ್ನ ಪಾಲಿಗೆ ಅದು ಹಂಸವಿಲ್ಲದೆ ಹೋದ ಬೇಸಿಗೆ. ಆ ಮಾತು ಬಂದಾಗಲೆಲ್ಲ ಒಂದು ನಿಟ್ಟುಸಿರು ಬಿಡುವುದು ನನ್ನ ರೂಢಿ.

ಇವರು ಪೇಪರ್ ಮಡಚಿದರು. "ಹಂಸ ಇದ್ದಿದ್ರೆ ನಾನು ಹತ್ತುತ್ಲೇ ಇರ್ಲಿಲ್ಲ ಮಗಾ. ಅಷ್ಟು ಜನರೆದ್ರು ಮದುಮಗನ ಹಂಗೆ ಕೂರೋದು ನನ್ ಕೈಲಿ ಆಗೋ ಮಾತಾಗಿರ್ಲಿಲ್ಲ. ಹಂಸ ಹತ್ತು ಅಂದ ಕೂಡ್ಲೆ ಬಸ್ ಹಿಡ್ದು ತೀರ್ಥಳ್ಳಿಗೆ ಓಡೋದು ಅಂತ ಡ್ರೈವರ್‌ಗೆ ಹೇಳಿಟ್ಟಿದ್ದೆ."

"ಮತ್ತೆ ವಿಲನ್ ಹತ್ರ ಹೆಂಗೆ ಹೋದ್ರಿ?"

"ಅದು ಖಾಲಿ ಇತ್ತಲ್ಲ. ಸೀಟ್ ಖಾಲಿ ಕಂಡ್ರೆ ನನ್ ಬಾಯಿ ಸುಮ್ನಿರಲ್ಲ" ಎಂದು ಇವರು ನಕ್ಕರು.

ಕೈಯಲ್ಲಿದ್ದ ಲೋಟವನ್ನು ಹಾಗೇ ಕೆಳಗಿಟ್ಟೆ. ಊರಿನ ಹೆಂಗಸರೆಲ್ಲ ಸೇರಿ ಬೈದ, ನಾನು ಅಡುಗೆಮನೆಯಲ್ಲಿ ಕೂತು ಶಪಿಸಿದ ಆ ಕಪ್ಪು ಕನ್ನಡಕದವನು ಅಡ್ಡ ಬಾರದಿದ್ದರೆ ನನ್ನ ಗಂಡ ಆ ಸಂಜೆಯ ಬಸ್ಸಿನಲ್ಲಿ ಹೊರಟುಹೋಗಿರುತ್ತಿದ್ದರು, ನಾನು ಇನ್ನೆಷ್ಟು ವರ್ಷ "ಹ್ಞೂಂ" ಕೇಳಿಕೊಂಡು ಇರುತ್ತಿದ್ದೆನೋ! ನಗು ಉಕ್ಕಿ ಬಂತು. ಹೊರಗೆ ಬಂದೆ. ಬೆಂಚಿನ ಮೇಲೆ ಅವರ ಪಕ್ಕದ ಜಾಗ ಖಾಲಿ ಇತ್ತು. ಅವರು ಕರೆಯುವ ಮೊದಲೇ ಹೋಗಿ ಕೂತೆ.